ಹತ್ಯಾರ ಏಳದ ಶನಿವಾರ

ಅಕ್ಕನ ಹಣೆಯ ವಿಭೂತಿಯ ಮೂರು ಗೆರೆಗಳಲ್ಲಿ ನಡುವಿನದು ಯಾವಾಗಲೂ ಮಸಿ ಬಣ್ಣದ್ದು. ಬೆಳಗ್ಗೆ ಸ್ನಾನ ಮಾಡಿ, ಇಷ್ಟಲಿಂಗದ ಪೂಜೆ ಮುಗಿಸಿ, ಮೂರು ಬೆರಳು ಕೂಡಿಸಿ ಎಳೆದುಕೊಳ್ಳುತ್ತಿದ್ದ ವಿಭೂತಿಯೇ ಅದು. ಆದರೆ ನಡುಬೆರಳಿನ ಗೀರುಗಳಲ್ಲಿ ಸೈಕಲ್ಲಿನ ಗ್ರೀಸು ಮನೆ ಮಾಡಿಬಿಟ್ಟಿತ್ತು. ಸೀಗೆಪುಡಿಗೂ ಬಗ್ಗದು, ಒಲೆಬೂದಿಗೂ ಬಗ್ಗದು. ಹೊಸದಾಗಿ ನೋಡಿದವರು ಹಣೆ ಒರೆಸಿಕೊಳ್ಳಿ ಎಂದು ಸನ್ನೆ ಮಾಡುತ್ತಿದ್ದರು. ಅವರು ತಲೆ ಎತ್ತದೆ, "ಅದು ಹೋಗಂಗಿಲ್ರಿ, ಬಿಡ್ರಿ" ಎಂದು ಮತ್ತೆ ಚಕ್ರಕ್ಕೆ ಕೈ ಹಾಕುತ್ತಿದ್ದರು.

ಶಿರಾಳಕೊಪ್ಪದ ಸಂತೆಬೀದಿಯ ಹಿಂದಿನ ಓಣಿಯಲ್ಲಿ ಅವರ ಅಂಗಡಿ. ಗಂಡ ಬಾಡಿಗೆ ಸೈಕಲ್ಲುಗಳನ್ನು ಇಟ್ಟುಕೊಂಡಿದ್ದರಂತೆ. ಅವರು ತೀರಿಕೊಂಡಾಗ ನೆಂಟರೆಲ್ಲ ಸೇರಿ ಅಂಗಡಿ ಮಾರಿಬಿಡು ಎಂದಿದ್ದರು. ಈಕೆ ಮಾರಲಿಲ್ಲ. ಹತ್ತು ವರ್ಷ ಒಳಬಾಗಿಲಿನಲ್ಲಿ ಕೂತು ಅಕ್ಕಿ ಆರಿಸುತ್ತ ಗಂಡನ ಕೈಯನ್ನೇ ನೋಡಿದ್ದರು. ಗಂಡ ಹೋದ ಹದಿಮೂರನೆಯ ದಿನ ಸೀರೆಯ ನೆರಿಗೆ ಎತ್ತಿ ಕಟ್ಟಿ, ಪಂಕ್ಚರ್ ಹಾಕಲು ಕೂತರು. ನಾನು ನೋಡುವ ಹೊತ್ತಿಗೆ ಊರಿಗೆ ಅದು ರೂಢಿಯಾಗಿತ್ತು. ಎಲ್ಲರೂ ಅವರನ್ನು ಅಕ್ಕ ಎನ್ನುತ್ತಿದ್ದರು. ನಾನೂ ಹಾಗೇ ಎಂದೆ.

ಬೇರೆ ಹೆಂಗಸರು ಬೀಗದಕೈ ಸಿಕ್ಕಿಸಿಕೊಳ್ಳುವ ಸೊಂಟದಲ್ಲಿ ಅಕ್ಕ ಚಕ್ರದ ಕಡ್ಡಿ ಬಿಗಿಯುವ ಕೀಲಿ ಸಿಕ್ಕಿಸಿಕೊಂಡಿರುತ್ತಿದ್ದರು. ಯಾರ ಜೊತೆ ಮಾತಾಡುತ್ತಿದ್ದರೂ ಕೈ ಆಗಾಗ ಅಲ್ಲಿಗೆ ಹೋಗಿ ಬರುತ್ತಿತ್ತು. ಅವರು ಒಂದು ದಿನವೂ ಸೈಕಲ್ ಹತ್ತಿದವರಲ್ಲ. ರಿಪೇರಿಯಾದ ಸೈಕಲ್ಲನ್ನು ಪರೀಕ್ಷಿಸುವ ಬಗೆಯೇ ಬೇರೆ. ಓಣಿಯ ಮೇಲ್ತುದಿಗೆ ಕೊಂಡುಹೋಗಿ, ಸವಾರನಿಲ್ಲದೆ ಬರೀ ಸೈಕಲ್ಲನ್ನು ಇಳಿಜಾರಿಗೆ ನೂಕಿಬಿಡುವುದು. ಅದು ನೆಟ್ಟಗೆ ಅಂಗಡಿಯವರೆಗೆ ಬಂದರೆ ಪಾಸು. ನಡುವೆ ಎಡಕ್ಕೋ ಬಲಕ್ಕೋ ವಾಲಿದರೆ ಮತ್ತೆ ಬಿಚ್ಚುವುದು. ಅಂಗಡಿಯ ಬಾಗಿಲಲ್ಲಿ ಗೋಣಿತಾಟಿನ ಮೇಲೆ ಕೂತಿರುತ್ತಿದ್ದ ಅವರ ಮಾವ, ಬರುವ ಸೈಕಲ್ಲನ್ನು ಕೈಚಾಚಿ ಹಿಡಿದುಕೊಳ್ಳಬೇಕು. ಎಪ್ಪತ್ತು ದಾಟಿದ ಮುದುಕ. "ಒಂದಿನ ಇವಳು ಬಿಟ್ಟ ಸೈಕಲ್ಲೇ ನನ್ನ ಕೈಲಾಸಕ್ಕ ಒಯ್ತೈತಿ ನೋಡ್ರಿ" ಎನ್ನುತ್ತಿದ್ದರು. ಹಿಡಿಯುವುದನ್ನು ಮಾತ್ರ ತಪ್ಪಿಸಲಿಲ್ಲ.

ನಾನು ಆ ಅಂಗಡಿಗೆ ಹೋದ ಕಾರಣ ಹೇಳಬೇಕಾದರೆ ನನ್ನದೇ ಸ್ವಲ್ಪ ಹೇಳಬೇಕು. ನಮ್ಮದು ಈಸೂರು. ನಲವತ್ತೆರಡರ ಚಳವಳಿಯಲ್ಲಿ ಪೊಲೀಸರಿಗೆ ಹೆದರಿ ಊರಿನ ಜನ ಮನೆ ಬಿಟ್ಟು ಕಾಡು ಸೇರಿದಾಗ ನಾನು ಐದು ವರ್ಷದವನು. ಸ್ಲೇಟು ಹಿಡಿಯಬೇಕಾದ ವಯಸ್ಸಿನಲ್ಲಿ ಅಜ್ಜಿಯ ಸೆರಗು ಹಿಡಿದುಕೊಂಡು ಓಡಿದವನು. ಅಪ್ಪನದು ಹೆಬ್ಬೆಟ್ಟು, ಅವರಪ್ಪನದೂ ಹೆಬ್ಬೆಟ್ಟು. ನಾನು ತಡವಾಗಿ ಶಾಲೆ ಸೇರಿ, ಲೋವರ್ ಸೆಕೆಂಡರಿ ಮುಗಿಸಿ, ಸೊರಬ ತಾಲೂಕಿನ ಕುಪ್ಪಗಡ್ಡೆಯ ಆಚೆಗಿನ ಒಂದು ಸಣ್ಣ ಊರಿನಲ್ಲಿ ಒಂಟಿ ಮಾಸ್ತರನಾಗಿದ್ದೆ. ಐವತ್ತರ ದಶಕದ ಕೊನೆಯ ಮಾತು. ಎಸ್ಸೆಸ್ಸೆಲ್ಸಿಗೆ ಖಾಸಗಿಯಾಗಿ ಕಟ್ಟಿ ಎರಡು ಸಲ ಇಂಗ್ಲಿಷಿನಲ್ಲಿ ಡುಮ್ಕಿ ಹೊಡೆದಿದ್ದೆ. ಉಳಿದ ವಿಷಯಗಳೆಲ್ಲ ಆಗಿದ್ದವು. ಮೂರನೆಯ ಸಲವೂ ಹೋದರೆ ಓದಿನ ಮಾತು ಎತ್ತಬಾರದು, ಊರಿಗೆ ಹೋಗಿ ಅಪ್ಪನ ಜೊತೆ ನೇಗಿಲು ಹಿಡಿಯುವುದು ಎಂದು ನಾನೇ ಗೆರೆ ಹಾಕಿಕೊಂಡಿದ್ದೆ.

ಶಿಕಾರಿಪುರದಲ್ಲಿ ನಿವೃತ್ತ ಹೆಡ್‌ಮಾಸ್ತರರೊಬ್ಬರು ಇಂಗ್ಲಿಷ್ ಹೇಳಿಕೊಡಲು ಒಪ್ಪಿದರು. ಶನಿವಾರ ಸಂಜೆ ಐದಕ್ಕೆ ಪಾಠ. ಅವರದು ಒಂದೇ ಷರತ್ತು. "ಒಂದು ವಾರ ತಪ್ಪಿಸಿದರೆ ಮುಂದಿನ ವಾರ ಈ ಮೆಟ್ಟಿಲು ಹತ್ತಬೇಡ. ನನಗೆ ಸಬೂಬು ಕೇಳುವ ವಯಸ್ಸಲ್ಲ." ಶನಿವಾರ ಶಾಲೆ ಹನ್ನೊಂದಕ್ಕೆ ಬಿಡುತ್ತಿತ್ತು. ಅಲ್ಲಿಂದ ಸೊರಬ, ಸೊರಬದಿಂದ ಶಿರಾಳಕೊಪ್ಪ, ಅಲ್ಲಿಂದ ಶಿಕಾರಿಪುರ. ಮೂವತ್ತು ಮೈಲಿಗೂ ಮೇಲೆ. ಬಸ್ಸುಗಳ ಹೊತ್ತು ಒಂದಕ್ಕೊಂದು ಕೂಡುತ್ತಿರಲಿಲ್ಲ. ಸೈಕಲ್ ಇಲ್ಲದೆ ಇಂಗ್ಲಿಷಿಲ್ಲ ಎಂಬಂತಾಯಿತು.

ಸೊರಬದ ಮರದ ಡಿಪೋದ ಗುಮಾಸ್ತರೊಬ್ಬರಿಗೆ ವರ್ಗವಾಗಿತ್ತು. ಅವರ ಸೈಕಲ್ ನನಗೆ ಅಗ್ಗಕ್ಕೆ ಸಿಕ್ಕಿತು. ಇಂಗ್ಲೆಂಡಿನ ಉಕ್ಕಿನದು ಎಂದರು. ಬಣ್ಣ ಹಾರಿ, ಮುಂದಿನ ಬಿಲ್ಲೆಯ ಅಕ್ಷರಗಳೂ ಸವೆದಿದ್ದವು. ನಾನು ಕುಣಿದಾಡಿದೆ. ಮಾಸ್ತರನ ಸೈಕಲ್ ಅಂದಮೇಲೆ ಒಂದು ಕಳೆ ಬೇಡವೇ? ಎರಡು ಸದ್ದಿನ ಗಂಟೆ, ಡೈನಮೋ ದೀಪ, ಹಿಡಿಗೆ ರೇಷ್ಮೆಯ ಕುಚ್ಚು, ಸೀಟಿಗೆ ಜಾಲರಿ ಅಂಚಿನ ಗವಸು, ಎಡಗಡೆ ಒಂದು ಕನ್ನಡಿ, ಎಲ್ಲ ಹಾಕಿಸಿದೆ. ಮೊದಲ ಶನಿವಾರ ಶಿರಾಳಕೊಪ್ಪ ಮುಟ್ಟುವುದರೊಳಗೆ ಚೈನು ಹನ್ನೊಂದು ಸಲ ಜಾರಿತು. ಅಕ್ಕನ ಅಂಗಡಿಯ ಮುಂದೆ ಸೈಕಲ್ ತಾನಾಗಿಯೇ ನಿಂತಿತು ಅನ್ನಿ.

ಅಕ್ಕ ಸುತ್ತ ಒಂದು ಸುತ್ತು ಬಂದರು. ಕುಚ್ಚನ್ನು ಬೆರಳಿನಿಂದ ಎತ್ತಿ ನೋಡಿದರು.

"ಬಾಸಿಂಗ ಚಲೋ ಐತ್ರಿ ಮೇಷ್ಟ್ರೇ. ಮದುಮಗಗ ಜ್ವರ ಬಂದೈತಿ."

ಮಾವ ಗೋಣಿತಾಟಿನ ಮೇಲಿಂದ ನಕ್ಕರು. ನನಗೆ ಸಿಟ್ಟು ಬಂತು. ಇಂಗ್ಲೆಂಡಿನದು ಎಂದೆ.

"ಇರ್ಲಿ ಬಿಡ್ರಿ, ಅದೇನು ಅದರ ತಪ್ಪಲ್ಲ" ಎಂದು ಅವರು ಸೈಕಲ್ಲನ್ನು ಒಂದೇ ಕೈಯಲ್ಲಿ ಗೇಣು ಎತ್ತರ ಎತ್ತಿ, ಹಾಸುಗಲ್ಲಿನ ಮೇಲೆ ಬಿಟ್ಟರು. ಕಣ್ಣು ಮುಚ್ಚಿ ಆ ಸದ್ದು ಕೇಳಿದರು. ಇನ್ನೊಮ್ಮೆ ಬಿಟ್ಟರು. "ಬಾಡಿ ಗಟ್ಟಿ ಐತಿ. ಎಲ್ಲೂ ಸೀಳಿಲ್ಲ. ಉಳದದ್ದೆಲ್ಲ ಒಂದೊಂದಾಗಿ ಬದಲಿ ಮಾಡಬೌದು. ವಾರಕ್ಕ ಒಂದು. ಆದ್ರ ಮಾಡೋರು ನೀವು. ನಾ ಕುಂತು ಹೇಳ್ತೀನಿ."

"ನಾನ್ಯಾಕೆ? ರಿಪೇರಿ ನಿಮ್ಮ ಕೆಲಸ ಅಲ್ವಾ?"

"ದಾರ್‍ಯಾಗ ಕೆಟ್ರ ನಾ ನಿಮ್ಮ ಹಿಂದ ಓಡಿ ಬರ್ಲೇನ್ರಿ?"

ಆ ದಿನ ಗಂಟೆ ಒಂದನ್ನು ಬಿಟ್ಟು ನನ್ನ ಅಲಂಕಾರವೆಲ್ಲ ಬಿಚ್ಚಿ ಗೋಡೆಯ ಮೊಳೆಗೆ ನೇತುಹಾಕಿದರು. ಸೈಕಲ್ಲು ಮೂರು ಸೇರು ಹಗುರವಾಯಿತು. ಚೈನಿನ ಎರಡು ಕೊಂಡಿ ಕಡಿಸಿ, ಬಿಗಿ ಮಾಡಿಸಿ, ಹೊರಡಿಸಿದರು. ಐದಕ್ಕೆ ಸರಿಯಾಗಿ ಮುಟ್ಟಿದೆ.

ಅಲ್ಲಿಂದ ಪ್ರತಿ ಶನಿವಾರ ಮಧ್ಯಾಹ್ನ ಎರಡೂವರೆಯ ಸುಮಾರಿಗೆ ಆ ಅಂಗಡಿಯಲ್ಲಿ ನನ್ನ ಇನ್ನೊಂದು ಪಾಠ. ಒಂದು ವಾರ ಬ್ರೇಕಿನ ರಬ್ಬರು. ಒಂದು ವಾರ ಪೆಡಲಿನ ನಡು ಅಚ್ಚಿನ ಗುಂಡುಗಳು. ಇನ್ನೊಂದು ವಾರ ಹಿಂದಿನ ಹಲ್ಲುಚಕ್ರ ತೆಗೆದು ಎರಡು ಹಲ್ಲು ಹೆಚ್ಚಿನದು ಹಾಕಿಸಿದರು. ಏರಿನಲ್ಲಿ ಇಳಿದು ನೂಕುವುದು ಅಂದಿಗೆ ನಿಂತಿತು. ಹಿಂದಿನ ಚಕ್ರದ ತೆಳುಕಡ್ಡಿಗಳನ್ನು ಕಳಚಿ ದಪ್ಪ ಕಡ್ಡಿ ಹೆಣೆಯಲು ಮೂರು ಶನಿವಾರ ಬೇಕಾಯಿತು. ಹೆಣೆದ ಮೇಲೆ ಒಂದೊಂದೇ ಕಡ್ಡಿಯನ್ನು ಉಗುರಿನಿಂದ ಮೀಟಿ, "ಇದು ಅಳ್ತೈತಿ, ಅರ್ಧ ಸುತ್ತು ಬಿಗೀರಿ. ಇದು ಚೀರ್ತೈತಿ, ಸಡ್ಲ ಬಿಡ್ರಿ" ಎನ್ನುವರು. ನನ್ನ ಕಿವಿಗೆ ಎಲ್ಲವೂ ಒಂದೇ ಸದ್ದು. ಎರಡು ತಿಂಗಳಾದ ಮೇಲೆ ವ್ಯತ್ಯಾಸ ಕೇಳಿಸತೊಡಗಿತು. ಆ ದಿನ ನನಗಾದ ಸಂತೋಷ ಇವತ್ತಿಗೂ ನೆನಪಿದೆ.

ಅವರದೊಂದು ಪದ್ಧತಿ ಇತ್ತು. ಹೊಸ ಭಾಗ ಕೈಗೆ ಕೊಡುವ ಮೊದಲು, ಬಿಚ್ಚಿದ ಹಳೆಯದನ್ನು ನನ್ನ ಅಂಗೈಯಲ್ಲಿ ಇಟ್ಟು, "ಇದಕ್ಕೇನಾಗೈತಿ ಹೇಳ್ರಿ" ಎಂದು ಕೇಳುವುದು. ಹಳೆಯದಾಗಿದೆ ಎಂದರೆ ಒಪ್ಪರು. "ಹಳೇದು ನಮ್ಮ ಮಾವಾರೂ ಆಗ್ಯಾರ. ಅವರನ್ನ ಬದ್ಲಿ ಮಾಡ್ತೀವೇನ್ರಿ? ಎಲ್ಲಿ ಸವದೈತಿ, ಯಾಕ ಸವದೈತಿ, ಅದನ್ನ ಹೇಳ್ರಿ." ಹೇಳುವವರೆಗೆ ಹೊಸದು ಅವರ ಮುಷ್ಟಿಯಲ್ಲೇ. ಗಡಿಯಾರ ನೋಡುತ್ತ ನನಗೆ ಬೆವರು. ಮಾವ ಹೇಳುತ್ತಿದ್ದರು, "ನಮ್ಮ ಸೊಸಿ ಸಾಲಿ ಮೆಟ್ಟಿಲು ಹತ್ತಿಲ್ರಿ. ಆದ್ರ ಮೇಷ್ಟ್ರನ್ನೇ ಬೆಂಚಿನ ಮ್ಯಾಲ ನಿಂದ್ರಸ್ತಾಳ."

ದಸರೆ ಬಂತು. ಆ ವರ್ಷ ಆಯುಧಪೂಜೆ ಶನಿವಾರ ಬಿದ್ದಿತ್ತು. ಹಿಂದಿನ ವಾರವೇ ಹೆಡ್‌ಮಾಸ್ತರರನ್ನು ಕೇಳಿ ನೋಡಿದ್ದೆ. "ಪುಸ್ತಕ ಓದುವುದಕ್ಕೆ ಇರುವುದು, ಅರಿಶಿನ ಕುಂಕುಮ ಹಾಕುವುದಕ್ಕಲ್ಲ. ಐದಕ್ಕೆ ಬಾ" ಎಂದಿದ್ದರು.

ರಜೆಯಿದ್ದರೂ ನಾನು ಊರಿಗೆ ಹೋಗದೆ ಓದಿಕೊಂಡು ಶಾಲೆಯಲ್ಲೇ ಇದ್ದೆ. ಪೂಜೆಯ ಹಿಂದಿನ ದಿನ ನನಗೊಂದು ಭಕ್ತಿ ಉಕ್ಕಿತು. ಇಷ್ಟು ತಿಂಗಳು ನನ್ನನ್ನು ಹೊತ್ತ ಸೈಕಲ್ಲು, ಅದಕ್ಕೆ ಸರಿಯಾದ ಪೂಜೆ ಆಗಬೇಕು ಎಂದು ಶಾಲೆಯ ಜಗುಲಿಯ ಮೇಲೆ ಪೂರ್ತಿ ಬಿಚ್ಚಿದೆ. ಬಿಚ್ಚಲು ಈಗ ನನಗೆ ಬರುತ್ತದಲ್ಲ, ಆ ಗರ್ವ ಬೇರೆ. ಪ್ರತಿ ತುಂಡನ್ನೂ ಸೀಮೆಎಣ್ಣೆಯಲ್ಲಿ ತೊಳೆದು, ಬೂದಿಯಲ್ಲಿ ತಿಕ್ಕಿ, ಮೇಲೆ ಕೊಬ್ಬರಿ ಎಣ್ಣೆ ಸವರಿ ಬೆಳ್ಳಿಯಂತೆ ಹೊಳೆಸಿದೆ. ಪೆಡಲಿನ ತೋಳನ್ನು ನಡು ಅಚ್ಚಿಗೆ ಕಚ್ಚಿಸಿ ಹಿಡಿಯುವ ಬೆರಳುದ್ದದ ಬೆಣೆ ಇರುತ್ತದೆ, ಕಾಟರ್ ಪಿನ್ನು. ಅದಕ್ಕೂ ಎಣ್ಣೆಯ ಅಭ್ಯಂಜನ ಮಾಡಿಸಿ ಕೂರಿಸಿದೆ. ಬೆಳಗ್ಗೆ ಚೆಂಡುಹೂವಿನ ಮಾಲೆ ಹಾಕಿ, ಊದಿನಕಡ್ಡಿ ಬೆಳಗಿ, ಚಕ್ರದ ಕೆಳಗೆ ನಿಂಬೆಹಣ್ಣು ಜಜ್ಜಿಸಿ ಹೊರಟೆ.

ಸೊರಬ ದಾಟುವಾಗ ಎಡಗಾಲಿನ ಕೆಳಗೆ ಟಕ್, ಟಕ್ ಎಂದು ಸದ್ದು. ಎರಡು ಮೈಲಿ ಕಳೆದ ಮೇಲೆ ಎಡ ಪೆಡಲು ಗಡಗಡ ಅಲುಗಿತು. ಆಮೇಲೆ ನಾನು ತುಳಿದರೆ ಅದು ಸುಮ್ಮನೆ ತಿರುಗಿ ಕೆಳಗೆ ಬೀಳುವುದು. ಒಂದೇ ಕಾಲಿನಲ್ಲಿ ಸ್ವಲ್ಪ ದೂರ ತುಳಿದೆ, ಉಳಿದದ್ದು ನೂಕಿದೆ. ಬೆಳಗ್ಗೆ ಬೇಗ ಹೊರಟಿದ್ದರಿಂದ ಎರಡೂಕಾಲರ ಹೊತ್ತಿಗಾದರೂ ಶಿರಾಳಕೊಪ್ಪ ಸಿಕ್ಕಿತು. ಶಿಕಾರಿಪುರದ ಬಸ್ಸು ಎರಡಕ್ಕೇ ಹೋಗಿಯಾಗಿತ್ತು. ಇನ್ನೊಂದು ದೀಪ ಹಚ್ಚುವ ಹೊತ್ತಿಗೆ. ನಡೆದು ಹೋದರೆ ಮುಟ್ಟುವಾಗ ಏಳು ಗಂಟೆಯಾದರೂ ಆಗುತ್ತಿತ್ತು.

ಅಂಗಡಿ ಗುರುತೇ ಹತ್ತಲಿಲ್ಲ. ನೆಲ ಸಾರಿಸಿ ರಂಗೋಲಿ ಹಾಕಿದ್ದರು. ಹಲಗೆಯ ಮೇಲೆ ಸುತ್ತಿಗೆ, ಅರ, ನಟ್ಟು ಬಿಗಿಯುವ ಪಾನಾ, ಹತ್ಯಾರಗಳೆಲ್ಲ ಸಾಲಾಗಿ, ಒಂದೊಂದಕ್ಕೂ ವಿಭೂತಿ, ಒಂದೊಂದು ಹೂವು. ಬಾಡಿಗೆ ಸೈಕಲ್ಲುಗಳಿಗೆಲ್ಲ ಸೇರಿಸಿ ಒಂದೇ ಉದ್ದನೆಯ ಹಾರ. ಅಕ್ಕ ಮಡಿಸೀರೆ ಉಟ್ಟು ಕೂತಿದ್ದರು. ಹಬ್ಬಕ್ಕೆಂದು ನಡುಗೆರೆಯನ್ನೂ ಬೇರೆ ಬೆರಳಿನಿಂದ ಎಳೆದಿದ್ದರೇನೋ, ಹಣೆಯ ಮೂರು ಗೆರೆಗಳೂ ಅಂದು ಬೆಳ್ಳಗೆ. ಸೊಂಟದ ಕೀಲಿಯೂ ಹಲಗೆಯ ಮೇಲಿತ್ತು. ಮಾತಾಡುವಾಗ ಕೈ ಸೊಂಟಕ್ಕೆ ಹೋಗಿ, ಏನೂ ಸಿಗದೆ ಮಡಿಲಿಗೆ ಮರಳುತ್ತಿತ್ತು.

"ಅಕ್ಕಾ, ಪಿನ್ನು ಹೋಯ್ತು. ಒಂದು ಹೊಸದು ಹಾಕಿಕೊಡಿ."

"ಇವತ್ತು ಹತ್ಯಾರ ಏಳಂಗಿಲ್ರಿ ಮೇಷ್ಟ್ರೇ. ನಾಳಿ ಬೆಳಿಗ್ಗೆ ಮಂಗಳಾರತಿ ಆದಮ್ಯಾಲೆ."

"ನಾನೇ ಮಾಡ್ಕೊಳ್ತೀನಿ. ಸುತ್ತಿಗೆ ಒಂದು ಕೊಡಿ."

"ಯಾರು ಎತ್ತಿದ್ರೂ ಎತ್ತಿದಂಗ ಅಲ್ಲೇನ್ರಿ?"

"ಹಾಗಾದ್ರೆ ಬಾಡಿಗೆ ಸೈಕಲ್ ಕೊಡಿ."

"ಅವೂ ಇವತ್ತು ದೇವರು" ಎಂದರು ಮಾವ.

ಬಜಾರಿನಲ್ಲಿ ಬೇರೆ ಯಾರನ್ನು ಕೇಳಿದರೂ ಇದೇ ಉತ್ತರ ಸಿಗುವುದು ನನಗೆ ಗೊತ್ತಿತ್ತು. ಇಬ್ಬರು ಹಠಮಾರಿಗಳ ನಡುವೆ ಸಿಕ್ಕಿಬಿದ್ದಿದ್ದೆ. ಒಬ್ಬರು ಹಬ್ಬಕ್ಕೆ ಪಾಠ ನಿಲ್ಲಿಸರು, ಇನ್ನೊಬ್ಬರು ಪಾಠಕ್ಕೆ ಹಬ್ಬ ಬಿಡರು. ಕಟ್ಟೆಯ ಮೇಲೆ ಕೂತುಬಿಟ್ಟೆ. "ಇವತ್ತು ತಪ್ಪಿದ್ರೆ ಅವರು ಮತ್ತೆ ಸೇರಿಸಲ್ಲ ಅಕ್ಕಾ. ನನ್ನ ಓದು ಇಲ್ಲಿಗೆ ಮುಗೀತು" ಎಂದೆ.

ಅಕ್ಕ ಎಡ ಪೆಡಲಿನ ಕಡೆ ಬಗ್ಗಿ ನೋಡಿದರು. ಆಮೇಲೆ ಕೈ ಚಾಚಿದರು. "ಹಳೇ ಪಿನ್ನು ತೆಗೀರಿ. ನಟ್ಟು ಸಡ್ಲಾಗಿರ್ತೈತಿ, ಬೆರಳಿಗೇ ಬರ್ತೈತಿ."

ಬಂತು. ಅದನ್ನು ತಿರುಗಿಸಿ ನೋಡಿ ನನ್ನ ಅಂಗೈಯಲ್ಲಿಟ್ಟರು. "ಇದಕ್ಕೇನಾಗೈತಿ ಹೇಳ್ರಿ."

ಚಪ್ಪಟೆಯ ಮೈ ಕಚ್ಚಿ ಹರಿದಿತ್ತು. ಬೆರಳಿಗೆ ಜಿಡ್ಡು ಹತ್ತಿತು. ಕೊಬ್ಬರಿ ಎಣ್ಣೆಯ ವಾಸನೆ. ನಾನು ತಲೆ ತಗ್ಗಿಸಿ ಎಲ್ಲ ಹೇಳಿದೆ. ಬೂದಿ, ಎಣ್ಣೆ, ಹೊಳಪು, ಹೂವಿನ ಮಾಲೆ.

ಅಕ್ಕ ನಕ್ಕರು. ಅಷ್ಟು ಜೋರಾಗಿ ಅವರು ನಕ್ಕದ್ದನ್ನು ನಾನು ನೋಡಿರಲಿಲ್ಲ. "ಗೂಟಕ್ಕ ಬೆಣ್ಣಿ ಹಚ್ಚಿ ಬಡದ್ರ ಎಮ್ಮಿ ನಿಲ್ತೈತೇನ್ರಿ? ಅಲ್ರಿ ಮೇಷ್ಟ್ರೇ, ಅದು ಕಚ್ಚಿ ಹಿಡೀಬೇಕಾದ್ದು. ಅದಕ್ಕ ಯಾರರೆ ಎಣ್ಣಿ ಹಾಕ್ತಾರ?"

ನಗು ಮುಗಿಸಿ ಎದ್ದು, ಕಪಾಟಿನಿಂದ ಒಂದು ಹೊಸ ಪಿನ್ನು ತಂದರು. ಮಾವ ಹುಬ್ಬೇರಿಸಿದರು.

"ಇದು ಸಾಮಾನು, ಹತ್ಯಾರ ಅಲ್ರಿ ಮಾವಾರೆ. ಇದಕ್ಕ ಪೂಜಿ ಮಾಡಿಲ್ಲ."

"ಅರ ಇಲ್ದ ಹೊಸ ಪಿನ್ನು ಕುಂದ್ರತೈತೇನು?"

ಹೊಸ ಪಿನ್ನಿನ ಚಪ್ಪಟೆ ಮೈಯನ್ನು ಆಯಾ ಸೈಕಲ್ಲಿಗೆ ತಕ್ಕಂತೆ ಅರದಿಂದ ಉಜ್ಜಿ ಇಳಿಜಾರು ಮಾಡಬೇಕು. ಇಲ್ಲದಿದ್ದರೆ ಅದು ಒಳಗೇ ಹೋಗದು. ಅರವೋ, ಹೂ ಮುಡಿದು ಹಲಗೆಯ ಮೇಲೆ ಮಲಗಿತ್ತು. ಅಕ್ಕ ಅಂಗಡಿಯ ಮುಂದಿನ ಬಟ್ಟೆ ಒಗೆಯುವ ಕಲ್ಲಿನ ಕಡೆ ಕೈ ತೋರಿಸಿದರು.

"ಕಲ್ಲಿಗೂ ನಾವು ಪೂಜಿ ಮಾಡಿಲ್ಲ. ಮರಳು ಹಾಕ್ರಿ, ನೀರು ಚಿಮುಕಿಸ್ರಿ, ತಿಕ್ರಿ."

ಮಾವ ಒಂದು ಗಳಿಗೆ ಯೋಚಿಸಿ, "ನ್ಯಾಯ ಐತಿ" ಎಂದರು.

ನಾನು ಹಬ್ಬದ ಪಂಚೆ ಎತ್ತಿ ಕಟ್ಟಿ ಕೂತೆ. ಎರಡು ಹೆಬ್ಬೆರಳುಗಳ ನಡುವೆ ಪಿನ್ನು ಹಿಡಿದು ತಿಕ್ಕುವುದು, ತೊಳೆದು ತೂತಿನಲ್ಲಿ ಇಟ್ಟು ನೋಡುವುದು. ಅಕ್ಕ ಮಡಿಲಲ್ಲಿ ಕೈ ಕಟ್ಟಿ ಕೂತಲ್ಲಿಂದಲೇ, "ಇನ್ನ" ಎನ್ನುವರು. ಮತ್ತೆ ತಿಕ್ಕುವುದು. "ಇನ್ನ." ಹೆಬ್ಬೆರಳಿನ ಚರ್ಮ ಸುಲಿದು ಮರಳು ಕೆಂಪಾಯಿತು. ಹಬ್ಬದೂಟ ಮಾಡಿ ತಿರುಗಾಡಲು ಬಂದವರು ನಿಂತು ನೋಡಿದರು. ಒಬ್ಬರು, "ಏನ್ ಮೇಷ್ಟ್ರೇ, ಗಂಧ ತೇಯಕ್ ಹತ್ತೀರೇನು?" ಎಂದರು. ಅಕ್ಕ ಅವರ ಕಡೆ ನೋಡಿದ ನೋಟಕ್ಕೆ ಅವರು ಮುಂದೆ ನಡೆದುಬಿಟ್ಟರು. ಹತ್ತಿರ ಹತ್ತಿರ ಒಂದು ಗಂಟೆ ಆಗಿರಬೇಕು. ಒಂದು ಸಲ ಪಿನ್ನು ತೂತಿನಲ್ಲಿ ಮುಕ್ಕಾಲು ಇಳಿದು ನಿಂತಿತು. ಅಕ್ಕ "ಇನ್ನ" ಎನ್ನಲಿಲ್ಲ.

"ಒಣಗಿಸ್ರಿ. ಒಂದು ಹನಿ ಎಣ್ಣಿ ಇರಬಾರದು. ಪೆಡಲಿನ ತೋಳಿನ ಬುಡಕ್ಕ ಮರದ ಕೊರಡು ಕೊಡ್ರಿ. ಈಗ ಆ ಹೊಳಿಕಲ್ಲು ತಗೊಂಡು ಬಡೀರಿ. ಹೆದರಬ್ಯಾಡ್ರಿ. ಬಾಡಿ ಗಟ್ಟಿ ಐತಿ ಅಂತ ಅವತ್ತೇ ಹೇಳೀನಿ."

ಬಡಿದೆ. ಮೊದಲು ಮಂಕು ಸದ್ದು, ಆಮೇಲೆ ಗಟ್ಟಿ ಸದ್ದು. ಆ ಸದ್ದು ಬದಲಾದದ್ದು ಅವರು ಹೇಳುವ ಮೊದಲೇ ನನಗೆ ಕೇಳಿಸಿತು. ಕಲ್ಲು ಕೆಳಗಿಟ್ಟೆ. ಅವರು ತಲೆಯಾಡಿಸಿದರು. ನಟ್ಟನ್ನು ಬೆರಳಿನಲ್ಲೇ ತಿರುಗಿಸಿ, ಪಾನಾ ಇಲ್ಲದೆ ಇದು ನಿಲ್ಲುತ್ತದೆಯೇ ಎಂದು ಕೇಳಿದೆ.

"ನಟ್ಟು ಬರೇ ಕಾವಲು. ಹಿಡದಿರೋದು ನೀವು ಬಡದ ಬಡತ. ಹೋಗ್ರಿ, ಹೊತ್ತಾತು."

ಹದಿನೈದು ಹೆಜ್ಜೆ ಹೋಗಿರಬೇಕು, ಹಿಂದಿನಿಂದ ಅವರ ದನಿ. "ಊರಿಗೆ ಮುಟ್ಟಿದ ಮ್ಯಾಲೆ ಬಲಗಡೆ ಪಿನ್ನೂ ಒರೆಸಿ ಬಡೀರಿ ಮತ್ತ. ಅದಕ್ಕೂ ನೀವು ಅಭ್ಯಂಜನ ಮಾಡಿಸಿದೀರಿ."

ಆ ಹತ್ತು ಹನ್ನೆರಡು ಮೈಲಿ ನಾನು ತುಳಿದ ರೀತಿ ಮತ್ತೆಂದೂ ತುಳಿದಿಲ್ಲ. ಹೆಡ್‌ಮಾಸ್ತರರ ಜಗುಲಿ ಹತ್ತಿದಾಗ ಒಳಗಿನ ಗಡಿಯಾರ ಐದು ಹೊಡೆಯುತ್ತಿತ್ತು. ಪಾಠಕ್ಕೆ ಬರುತ್ತಿದ್ದ ಬೇರೆ ಇಬ್ಬರು ಅಂದು ಬಂದಿರಲಿಲ್ಲ. ಹೆಡ್‌ಮಾಸ್ತರರು ನನ್ನ ಹೆಬ್ಬೆರಳುಗಳನ್ನು ನೋಡಿದರು. ಹಿಂದಿನ ವಾರ ನಾನು ಬರೆದಿದ್ದ ಪ್ರಬಂಧವನ್ನು ಮುಂದಿಟ್ಟು, ಕೆಂಪು ಗೆರೆ ಹಾಕಿದ ವಾಕ್ಯಗಳನ್ನು ತಿದ್ದು ಎಂದರು. ಅಷ್ಟು ದಿನ ಆ ಕೆಂಪು ಗೆರೆ ಕಂಡರೆ ನನಗೆ ಮುಖ ಬಿಸಿಯಾಗುತ್ತಿತ್ತು. ವಾಕ್ಯವನ್ನೇ ಹೊಡೆದುಹಾಕಿ ಹೊಸದು ಬರೆಯುತ್ತಿದ್ದೆ, ಅದೂ ತಪ್ಪಾಗುತ್ತಿತ್ತು. ಅಂದು ಹಾಗೆ ಮಾಡಲಿಲ್ಲ. ಮೊದಲನೆಯ ವಾಕ್ಯವನ್ನು ಅಂಗೈಯಲ್ಲಿಟ್ಟುಕೊಂಡಂತೆ ನೋಡಿದೆ. ಇದಕ್ಕೇನಾಗಿದೆ? ಎಲ್ಲಿ ಸಡಿಲವಾಗಿದೆ? ಕ್ರಿಯಾಪದ ಕರ್ತೃವಿಗೆ ಕಚ್ಚಿರಲಿಲ್ಲ. ಹಾಗೆಂದು ಬಾಯಿಬಿಟ್ಟು ಹೇಳಿದೆ. ಹೆಡ್‌ಮಾಸ್ತರರು ಕನ್ನಡಕ ತೆಗೆದು ನನ್ನನ್ನು ನೋಡಿ, "ಮುಂದಿನದು" ಎಂದರು. ಕತ್ತಲಾಗುವವರೆಗೆ ಕೂರಿಸಿಕೊಂಡರು.

ಮುಂದಿನ ಬೇಸಿಗೆಯಲ್ಲಿ ಇಂಗ್ಲಿಷ್ ಪಾಸಾಯಿತು. ಜೋರಾದ ಅಂಕವೇನಲ್ಲ, ಆದರೆ ಪಾಸು ಪಾಸೇ. ಅಲ್ಲಿಂದ ಮೇಲಿನ ಮೆಟ್ಟಿಲುಗಳನ್ನು ನೌಕರಿ ಮಾಡುತ್ತ, ರಜೆ ಹಾಕುತ್ತ, ಒಂದೊಂದಾಗಿ ಹತ್ತಿ ಬಿ.ಎ. ಮುಗಿಸಲು ಇನ್ನೂ ಏಳು ವರ್ಷ ಹಿಡಿಯಿತು. ಫಲಿತಾಂಶ ತಿಳಿದ ದಿನ ಅದೇ ಸೈಕಲ್ಲಿನಲ್ಲಿ ಶಿರಾಳಕೊಪ್ಪಕ್ಕೆ ಹೋದೆ. ಮಾವ ಆಗ ಬದುಕಿರಲಿಲ್ಲ. ಅಕ್ಕ ಒಂದು ಚಕ್ರವನ್ನು ಮೊಣಕಾಲ ನಡುವೆ ಹಿಡಿದು ಕೂತಿದ್ದರು. ಬಿ.ಎ. ಆಯಿತು ಎಂದೆ. ಅದು ಎಷ್ಟನೆಯ ಇಯತ್ತೆ ಎಂದು ಕೇಳಿದರು. ವಿವರಿಸಿದೆ. ನಮ್ಮ ಮನೆತನದಲ್ಲಿ, ನಮ್ಮ ಕೇರಿಯಲ್ಲೇ, ಇದು ಮೊದಲು ಎಂದೆ.

"ಮೊದಲನೇದು ಭಾಳ ತಿಕ್ಕಬೇಕ್ರಿ" ಎಂದರು. "ಹಿಂದ ಬರೋರಿಗೆ ಹಗೂರ ಆಗ್ತೈತಿ." ಎದ್ದು ಒಳಗೆ ಹೋಗಿ ಬೆಲ್ಲ, ಕೊಬ್ಬರಿ ತಂದು ಕೈಗಿಟ್ಟರು. ಆಮೇಲೆ ಸೈಕಲ್ಲಿನ ಸುತ್ತ ಒಂದು ಸುತ್ತು ಬಂದು, ಹಿಂದಿನ ಟೈರು ಬದಲಾಯಿಸುವ ಹೊತ್ತಾಗಿದೆ ಎಂದು ಬೈದರು.

ಅಕ್ಕ ತೀರಿಕೊಂಡಾಗ ನಾನು ದೂರದ ತಾಲೂಕಿನಲ್ಲಿ ಹೈಸ್ಕೂಲಿನ ಮುಖ್ಯೋಪಾಧ್ಯಾಯ. ಸುದ್ದಿ ತಡವಾಗಿ ಮುಟ್ಟಿತು. ಗಣಾರಾಧನೆಯ ದಿನಕ್ಕೆ ಹೋದೆ. ಓಣಿಯ ತುಂಬ ಜನ, ಹೆಚ್ಚಿನವರು ನನಗೆ ಅಪರಿಚಿತರು. ಗೋಡೆಯುದ್ದಕ್ಕೂ ಒರಗಿಸಿದ ಸೈಕಲ್ಲುಗಳು. ಅಂಗಡಿಯನ್ನು ನಡೆಸುತ್ತಿದ್ದ ಅವರ ತಂಗಿಯ ಮಗ ಬಾಗಿಲಲ್ಲಿ ನಿಂತು ಬಂದವರನ್ನು ಒಳಗೆ ಕರೆಯುತ್ತಿದ್ದ. ನನ್ನ ಬಿಳಿ ಅಂಗಿ, ಕೈಯ ಚೀಲ ನೋಡಿ ಸಂಕೋಚದಿಂದ, "ತಾವು ಯಾರು ಅಂತ ಗೊತ್ತಾಗ್ಲಿಲ್ರಿ" ಎಂದ.

ನಾನು ನನ್ನ ಹೆಸರಿನ ಜೊತೆಗೆ ಬಿ.ಎ. ಸೇರಿಸಿಯೇ ಹೇಳುವವನು. ಹಲವರು ನಗುತ್ತಾರೆ, ನಗಲಿ. ಬೆವರು ಸುರಿಸಿ ಗಳಿಸಿದ್ದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಅಂದು ಆ ಬಾಗಿಲಲ್ಲಿ ಅದು ನಾಲಿಗೆಗೆ ಬರಲಿಲ್ಲ.

"ಶನಿವಾರ ಶನಿವಾರ ಬರ್ತಿದ್ದೆ" ಎಂದೆ. "ಸೊರಬದ ಕಡೆಯಿಂದ. ಬಹಳ ಹಿಂದೆ."

ಅವನ ಮುಖ ಅರಳಿತು.

"ಆ ಮೇಷ್ಟ್ರಾ ನೀವು? ಬರ್ರಿ, ಬರ್ರಿ ಒಳಗ. ಕೈಕಾಲು ತೊಳಕೊಳ್ರಿ. ಯಾರರೆ ನಡುವಿಗೇ ಕೆಲಸ ಬಿಟ್ಟು ಎದ್ರ ನಮ್ಮ ದೊಡ್ಡವ್ವ ನಿಮ್ಮ ಹೆಸರೇ ತೆಗೀತಿದ್ಲು. ಅಂವ ಒಂದು ವಾರನೂ ತಪ್ಪಿಸ್ಲಿಲ್ಲ ಅಂತಿದ್ಲು."